ಬಣ್ಣದ ಮಾತ್ರೆ ಹಾಕದ ದಿನ

"ನಿಮ್ಮ ಟಾಯ್ಲೆಟ್ ಸ್ವಲ್ಪ ನೋಡ್ಬೇಕಿತ್ತು."

ಅವಳು ಅವನಿಗೆ ಹೇಳಿದ ಮೊಟ್ಟಮೊದಲ ಮಾತು ಅದು. ನೀಲಿ ದೋಣಿಯ ಮೇಲೆ ಕಾಲು ಚಾಚಿ ಕುಳಿತು, ತೊಡೆಯ ತುಂಬ ಬಿಳಿ ಹಾಯಿ ಹರವಿಕೊಂಡು ಹೊಲಿಯುತ್ತಿದ್ದ ಅವನು, ಎತ್ತಿದ ಸೂಜಿಯನ್ನು ಗಾಳಿಯಲ್ಲೇ ಹಿಡಿದು ಅವಳನ್ನು ನೋಡಿದ.

"ಇಷ್ಟು ವರ್ಷದಲ್ಲಿ ನನ್ನ ಹತ್ರ ಬಂದು ಯಾರೂ ಹೀಗೆ ಕೇಳಿರ್ಲಿಲ್ಲ ಮೇಡಂ. ಸಾಮಾನ್ಯವಾಗಿ ಮೊದ್ಲು ಹೆಸರು ಕೇಳ್ತಾರೆ."

"ಹೆಸರು ಫಾರಂನಲ್ಲೇ ಇದೆ. ಟಾಯ್ಲೆಟ್ ಫಾರಂನಲ್ಲಿ ಕಾಣಲ್ಲ."

ಅವನು ಗೊಳ್ಳೆಂದು ನಕ್ಕ. ಅವಳು ನಗಲಿಲ್ಲ. ಈ ಮರೀನಾಕ್ಕೆ ಇನ್ಸ್‌ಪೆಕ್ಟರ್ ಆಗಿ ಬಂದು ಆರೇ ದಿನ. ನಗುವ ಇನ್ಸ್‌ಪೆಕ್ಟರಿಗೆ ಯಾರು ಹೆದರುತ್ತಾರೆ? ಆದರೆ ಮುಖ ಆಚೆ ತಿರುಗಿಸಿಕೊಂಡಳು. ತಿರುಗಿಸಿಕೊಂಡದ್ದು ಏಕೆಂದು ಅವನಿಗೆ ಗೊತ್ತಾಯಿತು.

ಕಡಲ ಗೋಡೆಯ ಒಳಗೆ ಸಾಲುಸಾಲಾಗಿ ನಿಂತ ನೂರನಲವತ್ತು ದೋಣಿಗಳ ಮರೀನಾ ಅದು. ಎಷ್ಟೋ ಜನ ದೋಣಿಯಲ್ಲೇ ಸಂಸಾರ ಹೂಡಿದ್ದರು. ನಿಯಮ ಒಂದೇ: ಟಾಯ್ಲೆಟ್ಟಿನದು ದೋಣಿಯ ಟ್ಯಾಂಕಿಗೇ ಹೋಗಬೇಕು, ಟ್ಯಾಂಕ್ ತುಂಬಿದ ಮೇಲೆ ಪಂಪ್ ಇರುವ ಕಟ್ಟೆಗೆ ದೋಣಿ ತಂದು ಖಾಲಿ ಮಾಡಿಸಿಕೊಳ್ಳಬೇಕು. ನೀರಿಗೆ ಒಂದು ತೊಟ್ಟೂ ಬೀಳಕೂಡದು. ಸೋಮಾರಿಗಳು ದೋಣಿಯ ತಳದ ವಾಲ್ವ್ ತೆರೆದುಬಿಡುತ್ತಿದ್ದರು. ಕೆಲವರ ವಾಲ್ವ್ ಸವೆದು ತಾನಾಗಿಯೇ ಸೋರುತ್ತಿತ್ತು. ಎರಡನ್ನೂ ಹಿಡಿಯಲು ಅವಳ ಜೇಬಿನಲ್ಲಿ ಒಂದು ಪುಟ್ಟ ಡಬ್ಬಿ ಇತ್ತು, ಅದರ ತುಂಬ ಬಣ್ಣದ ಮಾತ್ರೆ. ಒಂದು ಮಾತ್ರೆ ಹಾಕಿ ಫ್ಲಶ್ ಮಾಡಿ, ಹತ್ತು ನಿಮಿಷ ಹೊರಗೆ ಬಗ್ಗಿ ನೋಡುವುದು. ಎಲ್ಲ ಸರಿಯಿದ್ದರೆ ನೀರು ಇದ್ದ ಹಾಗೇ ಇರುತ್ತದೆ. ಇಲ್ಲದಿದ್ದರೆ ದೋಣಿಯ ಸುತ್ತ ಗಿಳಿಹಸಿರು ಹರಡುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ದೋಣಿಗೂ ಇದೇ ಪರೀಕ್ಷೆ.

ಅವತ್ತು ಇಬ್ಬರೂ ಅಂಚಿಗೆ ಬಗ್ಗಿ ನಿಂತರು.

"ಏನೂ ಬರ್ಲಿಲ್ಲ, ಅಲ್ವಾ?"

"ಇನ್ನೂ ಎರಡು ನಿಮಿಷ ಇದೆ."

"ಹಾಗಾದ್ರೆ ನೀವು ಇನ್ನೂ ಎರಡು ನಿಮಿಷ ಇರ್ತೀರಿ."

ಅವಳು ಗಡಿಯಾರ ನೋಡಿಕೊಂಡಳು. ಅವನು ನೀರಲ್ಲಿ ಮೂಡಿದ್ದ ಅವಳ ಮುಖ ನೋಡಿದ. ಸಣ್ಣ ಅಲೆಯೊಂದು ಬಂದು ಅದನ್ನು ಕದಡಿದಾಗ, ಅದು ಮತ್ತೆ ಕೂಡಿಕೊಳ್ಳುವವರೆಗೂ ಕಾದ.

ಮರೀನಾದಲ್ಲಿ ಎಲ್ಲರೂ ಅವನನ್ನು ದರ್ಜಿ ಎನ್ನುತ್ತಿದ್ದರು. ಹಾಯಿ ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು ಅವನ ಕೆಲಸ. ಆ ನೀಲಿ ದೋಣಿಯೇ ಮನೆ, ಅದೇ ಅಂಗಡಿ. ಪಕ್ಕದ ಹಳದಿ ದೋಣಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರಿದ್ದರು. ಎರಡು ವರ್ಷದ ಹಿಂದೆ ಅವರು ಬೆಳಗಾಗೆದ್ದು ಟಾಯ್ಲೆಟ್ಟಿನ ಬಕೆಟ್ಟನ್ನು ನೀರಿಗೆ ಸುರಿಯುವಾಗ ಸಿಕ್ಕಿಬಿದ್ದಿದ್ದು ಕಚೇರಿಯ ಕಡತದಲ್ಲಿತ್ತು. ಸೊಂಟ ಹಿಡಿದುಕೊಂಡಿತ್ತು, ಪಂಪ್ ಕಟ್ಟೆಯ ತನಕ ದೋಣಿ ನಡೆಸಲಾಗಲಿಲ್ಲ ಎಂದು ತಪ್ಪೊಪ್ಪಿ ದಂಡ ಕಟ್ಟಿದ್ದರಂತೆ.

ದಿನಾ ಸುತ್ತು ಹಾಕುವಾಗ ಅವಳ ಕಾಲು ನೀಲಿ ದೋಣಿಯಿದ್ದ ಮೂರನೇ ಸಾಲಿನಲ್ಲಿ ತಾನಾಗಿ ನಿಧಾನವಾಗತೊಡಗಿತು. ಒಂದು ದಿನ ಚಹಾ. ಇನ್ನೊಂದು ದಿನ ಗಾಳಿಗೆ ಹಾರಿದ ಅವಳ ಫಾರಂಗಳನ್ನು ಅವನು ಓಡಿ ಹಿಡಿದು ತಂದದ್ದು. ಮನೆಯಲ್ಲಿ ಅಕ್ಕ ಹುಬ್ಬೇರಿಸಿದಳು.

"ಏನೇ, ಕಕ್ಕಸು ಪರೀಕ್ಷೆ ಮಾಡಿ ಬರೋರ ಮುಖದಲ್ಲಿ ಇಷ್ಟು ಕಳೆ ಇರತ್ತಾ?"

"ಸುಮ್ನಿರಕ್ಕ."

ಅಕ್ಕ ಕಡಲ ಗೋಡೆಯ ಆಚೆಗಿನ ಕೊಲ್ಲಿಯಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿ ಓದಿಸಿದವಳೂ ಅವಳೇ.

ಮೂರು ತಿಂಗಳಾಗಿ ಎರಡನೇ ಪರೀಕ್ಷೆಯ ದಿನ ಬಂತು. ಅವಳು ಹೋದಾಗ ದರ್ಜಿ ದಪ್ಪ ಅಂಚೊಂದನ್ನು ಹೊಲಿಯುತ್ತಿದ್ದ. ಸೂಜಿ ನೂಕಲು ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡಿದ್ದ.

"ನಾನೂ ಒಂದು ಹೊಲಿಗೆ ಹಾಕ್ಲಾ?" ಎಂದು ಅವಳೇ ಕೇಳಿದಳು.

ಅವನು ಪಟ್ಟಿ ಬಿಚ್ಚಿ ಅವಳ ಅಂಗೈಗೆ ಕಟ್ಟಿದ. ಚರ್ಮದಲ್ಲಿ ಅವನ ಕೈಯ ಬಿಸಿ ಇನ್ನೂ ಇತ್ತು. ಸೂಜಿ ಅರ್ಧಕ್ಕೇ ನಿಂತಿತು. ಅವನು ಅವಳ ಮಣಿಕಟ್ಟು ಹಿಡಿದು ಮೆಲ್ಲಗೆ ನೂಕಿದ.

"ಬಲ ತೋಳಿಂದ ಬರ್ಬೇಕು. ಬೆರಳಿಂದಲ್ಲ. ಹಾಂ… ನೋಡು, ಹೋಯ್ತು."

ನೋಡು ಎಂದಿದ್ದ, ನೋಡಿ ಎಂದಿರಲಿಲ್ಲ. ಇಬ್ಬರಿಗೂ ಅದು ಕೇಳಿಸಿತು. ಅವಳು ತಲೆಯೆತ್ತಿದಳು. ಅವನ ರೆಪ್ಪೆಯ ಮೇಲೆ ಹತ್ತಿಯ ಒಂದು ಎಳೆ ಕೂತಿತ್ತು. ಅದನ್ನು ತೆಗೆಯಲು ಚಾಚಿದ ಬೆರಳು, ತೆಗೆದ ಮೇಲೂ ಅವನ ಕೆನ್ನೆಯ ಹತ್ತಿರವೇ ಉಳಿಯಿತು.

ಹತ್ತು ನಿಮಿಷ ಹೋಯಿತೋ ಅರ್ಧ ಗಂಟೆಯೋ. ಆಚೆ ಯಾರೋ ಇನ್ಸ್‌ಪೆಕ್ಟರಮ್ಮ ಎಂದು ಕೂಗಿದಾಗ ಅವಳು ಗಡಬಡಿಸಿ ಎದ್ದು, ಅವನ ಮೇಜಿನ ಮೇಲೆಯೇ ಫಾರಂ ಇಟ್ಟು 'ಸರಿಯಿದೆ' ಎಂದು ಬರೆದು ಸಹಿ ಹಾಕಿದಳು. ನಾಲ್ಕು ಹೆಜ್ಜೆ ಹೋದ ಮೇಲೆ ಜೇಬಿನಲ್ಲಿ ಡಬ್ಬಿ ಕೈಗೆ ತಗುಲಿತು. ಮಾತ್ರೆ ಹಾಕಿರಲಿಲ್ಲ.

ಹಿಂತಿರುಗಬಹುದಿತ್ತು. ಹೋದ ಸಲ ಚೆನ್ನಾಗೇ ಇತ್ತಲ್ಲ, ಮೂರು ತಿಂಗಳಲ್ಲಿ ಏನಾಗುತ್ತದೆ ಎಂದುಕೊಂಡಳು. ನಗುತ್ತಲೇ ಮುಂದಿನ ದೋಣಿಗೆ ಹೋದಳು.

ಮೂರು ವಾರಕ್ಕೆ ಅಕ್ಕನ ಈಜಿನ ಮಕ್ಕಳಲ್ಲಿ ಹನ್ನೊಂದು ಜನಕ್ಕೆ ವಾಂತಿ ಭೇದಿ ಹಿಡಿಯಿತು. ಇಬ್ಬರನ್ನು ಆಸ್ಪತ್ರೆಗೆ ಸೇರಿಸಿದರು. ಕೊಲ್ಲಿಯ ನೀರು ತಂದು ನೋಡಿದರೆ ಇರಬಾರದ್ದೆಲ್ಲ ಇತ್ತು. ಕೊಲ್ಲಿಗೆ ಬೀಗ ಬಿತ್ತು, ಅಕ್ಕನ ಕೆಲಸ ನಿಂತಿತು. ಗೋಡೆಯ ಬಾಯಿ ದಾಟಿ ಕೊಲ್ಲಿಗೆ ನೀರಿನ ಸೆಳೆತ ಬರುವುದು ಮೂರನೇ ಸಾಲಿನ ಕಡೆಯಿಂದ, ಎರಡು ದಿನದಲ್ಲಿ ಯಾರೆಂದು ಹೇಳಿ ಎಂದರು ಕಚೇರಿಯ ಸಾಹೇಬರು.

ಮೂರನೇ ಸಾಲಿನಲ್ಲಿ ಇಪ್ಪತ್ತೆರಡು ದೋಣಿ. ಇಪ್ಪತ್ತೆರಡಕ್ಕೂ ಅವಳದೇ ಸಹಿ. ಹಾಗಾದರೆ ಉಳಿಯುವುದು ಬಕೆಟ್. ಬಕೆಟ್ಟಿಗೆ ವಾಲ್ವ್ ಬೇಕಿಲ್ಲ, ಅದು ಮಾತ್ರೆಗೂ ಸಿಗುವುದಿಲ್ಲ.

"ಒಂದ್ಸಲ ತಪ್ಪು ಮಾಡಿದ್ದೆ, ಒಪ್ಕೊಂಡಿದ್ದೆ," ಎಂದರು ಮೇಷ್ಟ್ರು. ಅವರ ದನಿ ಏರಲಿಲ್ಲ. "ಈ ಸಲ ನಾನಲ್ಲಮ್ಮ. ಮಾಡಿದ್ರೆ ಮಾಡ್ದೆ ಅಂತಿದ್ದೆ."

ಮೇಷ್ಟ್ರ ದೋಣಿಯನ್ನು ಮರೀನಾದಿಂದ ಎತ್ತಿಸುವ ಆದೇಶ ಬರೆಯುವಾಗ ಅವಳ ಪೆನ್ನು ಒಂದು ಕಡೆ ನಿಂತಿತು. ಯಾಕೆ ನಿಂತಿತೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮುಂದಕ್ಕೆ ಬರೆದಳು. ಕ್ರೇನ್ ಬಂದು ಹಳದಿ ದೋಣಿಯನ್ನೆತ್ತಿ ಶೆಡ್ಡಿನ ಹಿಂದೆ ಮರದ ದಿಮ್ಮಿಗಳ ಮೇಲೆ ಕೂರಿಸಿತು. ಮೇಷ್ಟ್ರು ಎರಡು ಚೀಲ ಹಿಡಿದು, ಸೈಕಲ್ ರಿಪೇರಿ ಅಂಗಡಿಯ ಮೇಲಿನ ಬಾಡಿಗೆ ಕೋಣೆಗೆ ಹೋದರು.

ಎರಡು ವಾರದ ನಂತರ ಹೊಸ ವರದಿ ಬಂತು. ನೀರು ಮೊದಲಿಗಿಂತ ಕೆಟ್ಟಿತ್ತು.

ಭಾನುವಾರ ಮಧ್ಯಾಹ್ನ ಅವಳು ನೀಲಿ ದೋಣಿ ಹತ್ತಿದಳು.

"ರಜೆ ದಿನಾನೂ ಡಬ್ಬಿ ತಂದಿದ್ದೀಯಲ್ಲೇ," ಎಂದು ದರ್ಜಿ ನಕ್ಕ. "ನನ್ನ ನೋಡೋಕೆ ಬಂದೆ ಅಂದ್ಕೊಂಡೆ."

ಅವಳು ಒಳಗೆ ಹೋಗಿ ಮಾತ್ರೆ ಹಾಕಿದಳು. ಫ್ಲಶ್ ಎಳೆದಳು. ಮೇಲೆ ಬಂದು ಬಗ್ಗಿ ನಿಂತಳು. ಹತ್ತು ನಿಮಿಷ ಬೇಕಾಗಲಿಲ್ಲ. ಒಂದು ನಿಮಿಷಕ್ಕೇ ದೋಣಿಯ ಹೊಟ್ಟೆಯ ಕೆಳಗಿನಿಂದ ಗಿಳಿಹಸಿರು ಮೇಲೆದ್ದು, ಅವರಿಬ್ಬರ ನೆರಳನ್ನೂ ನುಂಗಿಕೊಂಡು ಕಡಲ ಗೋಡೆಯತ್ತ ಹೊರಟಿತು.

ಅವನು ಅಂಚು ಬಿಟ್ಟು ಅವಳ ಕಡೆ ತಿರುಗಿದ.

"ಹೋದ ತಿಂಗ್ಳು ನೋಡಿದ್ಯಲ್ಲ ನೀನು? ಸರಿಯಿದೆ ಅಂತ ಬರ್ದಿದ್ಯಲ್ಲ?"

"ನೋಡಿರ್ಲಿಲ್ಲ," ಎಂದಳು. "ಅವತ್ತು ಹೊಲಿತಾ ಕೂತಿದ್ವಿ."

ಅವನ ಮುಖದ ಬಣ್ಣ ಇಳಿಯಿತು. ಹಾಯಿಯ ರಾಶಿಯ ಮೇಲೆ ಕುಸಿದು ಕುಳಿತ.

"ನಂಗೂ ಅನುಮಾನ ಬರ್ಬೇಕಿತ್ತು. ಹತ್ತು ದಿನಕ್ಕೆ ತುಂಬ್ತಿದ್ದ ಟ್ಯಾಂಕು ಒಂದೂವರೆ ತಿಂಗ್ಳಾದ್ರೂ ತುಂಬಿರ್ಲಿಲ್ಲ. ಪಂಪ್ ಕಟ್ಟೆ ಕ್ಯೂ ತಪ್ತು ಅಂತ ಖುಷಿಪಟ್ಟೆ ಕಣೆ. ಮೇಷ್ಟ್ರ ದೋಣಿ ಎತ್ತೋವಾಗ ಹಗ್ಗ ಹಿಡಿದಿದ್ದೂ ನಾನೇ."

ಆಮೇಲೆ ತಲೆಯೆತ್ತದೆಯೇ ಹೇಳಿದ. "ವಾಲ್ವ್ ಇವತ್ತೇ ಬದಲಾಯಿಸ್ತೀನಿ. ನಾಳೆಯಿಂದ ನೀರು ತಿಳಿಯಾಗತ್ತೆ. ಯಾರಿಗೂ ಗೊತ್ತಾಗಲ್ಲ."

ಆ ಮಾತು ಅವಳಿಗೆ ಹಿತವಾಗಿ ಕೇಳಿಸಿತು. ಅಷ್ಟು ಹಿತವಾಗಿ ಕೇಳಿಸಿದ್ದಕ್ಕೇ ಅವಳಿಗೆ ತನ್ನ ಬಗ್ಗೆಯೇ ಭಯವಾಯಿತು. ಜೀವನದಲ್ಲಿ ಅತ್ಯಂತ ಸುಖವಾಗಿದ್ದ ಅರ್ಧ ಗಂಟೆ ಯಾವುದೆಂದು ಕೇಳಿದರೆ ಅವಳು ಆ ಹೊಲಿಗೆಯ ದಿನದ್ದನ್ನೇ ತೋರಿಸುತ್ತಿದ್ದಳು. ಆ ಅರ್ಧ ಗಂಟೆಗೆ ಹನ್ನೊಂದು ಮಕ್ಕಳು ಹಾಸಿಗೆ ಹಿಡಿದಿದ್ದರು. ಎರಡನ್ನೂ ಬಿಡಿಸಿ ಇಡಲು ಎಷ್ಟು ಯತ್ನಿಸಿದರೂ ಆಗಲಿಲ್ಲ.

"ಮೇಷ್ಟ್ರಿಗೆ ಗೊತ್ತಾಗ್ಬೇಕು," ಎಂದಳು.

ಅವನು ಅವಳನ್ನು ನೋಡಿದ. "ಕೆಲಸ ಹೋಗತ್ತೆ ನಿಂದು."

"ಹೋಗ್ಲಿ."

"ಹಾಗಾದ್ರೆ ತಡಿ, ಶರಟು ಹಾಕ್ಕೊಂಡು ಬರ್ತೀನಿ. ಒಬ್ಬಳೇ ಹೋಗ್ಬೇಡ."

ಬಾಡಿಗೆ ಕೋಣೆಯಲ್ಲಿ ಒಂದೇ ಕುರ್ಚಿ. ಮೇಷ್ಟ್ರು ಅದರಲ್ಲಿ ಕುಳಿತು, ನಿಂತೇ ಇದ್ದ ಇಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದರು. ಅವಳು ಕ್ಷಮಿಸಿ ಎಂದು ಶುರುಮಾಡುತ್ತಿದ್ದಂತೆ ಕೈಯೆತ್ತಿ ತಡೆದರು.

"ಅದು ನನ್ನ ಹತ್ರ ಸದ್ಯಕ್ಕಿಲ್ಲಮ್ಮ. ಬಂದಾಗ ಕರೆದು ಕೊಡ್ತೀನಿ. ಈಗ ನನ್ನ ಜಾಗ ವಾಪಸ್ ಕೊಡ್ಸಿ."

ಅಕ್ಕನಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅಕ್ಕ ಪಾತ್ರೆ ಒರೆಸುತ್ತಿದ್ದಳು. ಬೈಯಲಿಲ್ಲ. "ಆ ಸಣ್ಣ ಹುಡುಗಿಗೆ ಡ್ರಿಪ್ ಹಾಕುವಾಗ ಕೈ ಹಿಡ್ಕೊಂಡಿದ್ದು ನಾನು ಕಣೇ," ಎಂದಳು. ಆಮೇಲೆ ಒರೆಸಿದ ತಟ್ಟೆಯನ್ನೇ ಮತ್ತೆ ಮತ್ತೆ ಒರೆಸುತ್ತ ಹೋದಳು. ಅಂದಿನಿಂದ ತಂಗಿಯೊಡನೆ ಮಾತು ಬಿಟ್ಟಳು. ತಟ್ಟೆಯಲ್ಲಿ ಊಟ ಮಾತ್ರ ಮುಚ್ಚಿಟ್ಟಿರುತ್ತಿದ್ದಳು.

ವಿಚಾರಣೆಗೆ ಇಬ್ಬರನ್ನೂ ಕರೆಸಿದರು. ಸಾಹೇಬರು ಅವಳ ಹೇಳಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದವರು 'ಪರೀಕ್ಷೆ ಮಾಡದಿರಲು ಕಾರಣ' ಎಂಬಲ್ಲಿಗೆ ಬಂದು ತಡವರಿಸಿದರು.

"'ದೋಣಿಯ ಮಾಲೀಕರ ಮೇಲೆ ನನಗೆ ಪ್ರೀತಿ ಇತ್ತು. ಆ ಹೊತ್ತಿನಲ್ಲಿ ಕೆಲಸ ಮರೆತೆ. ನೆನಪಾದ ಮೇಲೂ ಹಿಂತಿರುಗಲಿಲ್ಲ.'" ಕನ್ನಡಕ ತೆಗೆದರು. "ಇದನ್ನ ಹೀಗೇ ಮೇಲಕ್ಕೆ ಕಳಿಸ್ಲೇನಮ್ಮ? ಕೆಲಸದ ಒತ್ತಡ ಅಂತ ಬರೀಬಹುದು."

"ಒತ್ತಡ ಇರ್ಲಿಲ್ಲ ಸಾರ್."

ಪಕ್ಕದ ಕುರ್ಚಿಯಲ್ಲಿ ದರ್ಜಿ ತಲೆ ತಗ್ಗಿಸಿ ಕೂತಿದ್ದ. ಇಷ್ಟು ದಿನ ಅವಳು ಬಾಯಿಬಿಟ್ಟು ಹೇಳದಿದ್ದ ಮಾತನ್ನು ಅವನು ಮೊದಲ ಸಲ ಕೇಳಿದ್ದು ಹೀಗೆ, ಸಾಹೇಬರ ಬಾಯಲ್ಲಿ. ಅವನ ಕಿವಿ ಕೆಂಪಾಗಿದ್ದು ಅವಳಿಗೆ ಕಂಡಿತು. ಸಂತೋಷಪಡುವ ಧೈರ್ಯ ಇಬ್ಬರಿಗೂ ಬರಲಿಲ್ಲ.

ಅವಳಿಗೆ ಆರು ತಿಂಗಳ ಅಮಾನತು. ಆಮೇಲೆ ಎರಡು ವರ್ಷ ಸಹಿ ಹಾಕುವಂತಿಲ್ಲ, ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ಕೆಲಸ. ದರ್ಜಿಗೆ ದಂಡ, ದುರಸ್ತಿಯಾಗಿ ಮತ್ತೆ ಪರೀಕ್ಷೆಯಾಗುವವರೆಗೆ ನೀಲಿ ದೋಣಿ ನೆಲದ ಮೇಲೆ. ಯಾರೂ ಹೇಳದಿದ್ದರೂ ಇಬ್ಬರೂ ಹನ್ನೊಂದು ಮನೆಗೂ ಹೋದರು. ಕೆಲವರು ಕೂರಿಸಿ ನೀರು ಕೊಟ್ಟರು. ಎರಡು ಮನೆಯಲ್ಲಿ ಬಾಗಿಲು ಮುಚ್ಚಿಕೊಂಡರು. ಒಬ್ಬ ತಾಯಿ ಆಸ್ಪತ್ರೆಯ ಚೀಟಿಗಳನ್ನೆಲ್ಲ ತಂದು ಅವಳ ಮಡಿಲಿಗೆ ಹಾಕಿ, "ಓದಿ," ಎಂದಳು. ಅವಳು ಒಂದೊಂದನ್ನೂ ಓದಿದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕುಳಿತಾಗ, ದರ್ಜಿ ಪಕ್ಕದಲ್ಲಿ ಕುಳಿತ. ಮುಟ್ಟಲಿಲ್ಲ, ಸಮಾಧಾನ ಹೇಳಲಿಲ್ಲ. ಅವಳು ಏಳುವ ತನಕ ಕುಳಿತಿದ್ದ.

ಕೊಲ್ಲಿಯ ನೀರು ತಿಳಿಯಾಗಿ ಮಕ್ಕಳು ಮತ್ತೆ ಇಳಿದ ವಾರವೇ ಹಳದಿ ದೋಣಿಯನ್ನೂ ನೀರಿಗಿಳಿಸಿದರು. ಒಂದು ಬದಿಯ ಹಗ್ಗ ಅವಳು, ಇನ್ನೊಂದು ಬದಿಯದು ದರ್ಜಿ ಹಿಡಿದಿದ್ದರು. ಮೇಷ್ಟ್ರು ಇಬ್ಬರನ್ನೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮರುಕ್ಷಣ ಬಾಗಿಲು ಅರ್ಧ ತೆರೆಯಿತು.

"ಆ ಎಡಗಡೆ ಹಗ್ಗ ಸಡಿಲ ಇದೆ. ಇಬ್ರೂ ಸೇರಿ ಬಿಗೀರಿ."

ಬಿಗಿದರು. ಆಮೇಲೆ ಕಟ್ಟೆಯುದ್ದಕ್ಕೂ ನಡೆದರು. ಸಂಜೆಯ ಬಿಸಿಲು ನೀರಿನ ಮೇಲೆ ವಾಲಿತ್ತು. ಗೇಟಿನ ಹತ್ತಿರ ಅವನು ನಿಂತ.

"ಒಂದು ಕೇಳ್ಲಾ? ಆ ಹೇಳಿಕೇಲಿ 'ಪ್ರೀತಿ ಇತ್ತು' ಅಂತ ಬರ್ದಿದ್ಯಲ್ಲ."

"ಹೂಂ."

"ಇತ್ತು ಅಂದ್ರೆ?"

"ಅದು ಅವತ್ತಿನ ತಾರೀಖಿನ ಹೇಳಿಕೆ. ಅವತ್ತು ಏನಿತ್ತೋ ಅದನ್ನ ಬರೀಬೇಕು."

"ಇವತ್ತಿನದು?"

ಅಕ್ಕ ಇನ್ನೂ ಮಾತಾಡಿರಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ಆ ಚೀಟಿಗಳ ಅಕ್ಷರ ಇನ್ನೂ ಕಾಣುತ್ತಿತ್ತು.

"ಇದೆ," ಎಂದಳು. "ಆದ್ರೆ ನಗ್ತಾ ಹೇಳೋಕೆ ಆಗ್ತಿಲ್ಲ."

"ಅಳ್ತಾನೇ ಹೇಳು," ಎಂದ ಅವನು. ಅವನ ಕಣ್ಣೂ ತುಂಬಿತ್ತು. "ನಂಗೂ ನಗ್ತಾ ಕೇಳಿಸ್ಕೊಳ್ಳೋಕೆ ಆಗಲ್ಲ."

ಅವಳು ಹೇಳಿದಳು. ಅವನು ಕೇಳಿಸಿಕೊಂಡ. ಆಮೇಲೆ ಗೇಟು ದಾಟಿ, ಅಕ್ಕನ ಮನೆಯ ಕಡೆಗೆ ಇಬ್ಬರೂ ಜೊತೆಯಲ್ಲೇ ಹೊರಟರು.