ಕಂಬಳಿ ಆನೆಯ ಹೊಟ್ಟೆಗೆ ಬಿದ್ದ ಹೊಲಿಗೆ

ಆನೆಯ ಹೊಟ್ಟೆಯಲ್ಲಿ ಕಿಂಡಿ ಬಿದ್ದಿತ್ತು.

ನಿಜವಾದ ಆನೆಯಲ್ಲ. ವೀರನಹೊಸಹಳ್ಳಿಯ ಕೆರೆಯ ಪಕ್ಕ, ಬಿದಿರಿನ ಚೌಕಟ್ಟಿಗೆ ಇಪ್ಪತ್ತೆರಡು ಕರಿ ಕಂಬಳಿ ಹೊಲಿದು ನಿಲ್ಲಿಸಿದ ಆನೆ. ಕಂಬಳಿ ಕೊಟ್ಟವರು ಊರಿನವರೇ. ದಫೇದಾರ್ ದಾಸಯ್ಯನೂ ಮನೆಯಿಂದ ಒಂದು ಹಳೆಯದನ್ನು ತಂದು ಕೊಟ್ಟಿದ್ದ. ಮೈಸೂರಿನ ಶಿಲ್ಪಿ ಪುಟ್ಟಲಕ್ಷ್ಮಿ ಹೆಂಗಸರನ್ನು ಕೂಡಿಸಿಕೊಂಡು ಎರಡು ತಿಂಗಳು ಕಟ್ಟಿದ್ದರು. ಎಪ್ಪತ್ತಮೂರರ ಡಿಸೆಂಬರ್. ಸೋಮವಾರ ಉದ್ಘಾಟನೆ. ಶನಿವಾರ ಬೆಳಿಗ್ಗೆ ಒಂದು ಕಂಬಳಿ ಮಾಯ!

ದಾಸಯ್ಯ ಸೈಕಲ್ ಒರಗಿಸಿ ಬಂದ. ಕಾವಲಿಗಿದ್ದವನು ಕಾಡಂಚಿನ ಹಾಡಿಯ ಗುಂಡ. ಅವನ ಅಂಗಿಗೆಲ್ಲ ಕರಿ ಉಣ್ಣೆ ಮೆತ್ತಿತ್ತು.

"ಎಲ್ಲಿ ಬಚ್ಚಿಟ್ಟಿದ್ದೀಯಲಾ?"

ಗುಂಡ ಬಾಯಿ ತೆರೆದ. ಅಷ್ಟರಲ್ಲೇ ದಾಸಯ್ಯನ ಕೈ ಅವನ ಕೆನ್ನೆಗೆ ಬಿತ್ತು. ಜನ ಸೇರಿದ್ದರಲ್ಲ, ದಫೇದಾರನಿಗೆ ಚುರುಕು ತೋರಿಸುವ ಹುಕಿ. ಗುಂಡ ಬಾಯಿ ಮುಚ್ಚಿದ. ಲಾಕಪ್ಪಿಗೆ ಹಾಕಿದರೂ ತುಟಿ ಬಿಚ್ಚಲಿಲ್ಲ.

* * *

ಮಧ್ಯಾಹ್ನ ಮಹಜರಿಗೆಂದು ದಾಸಯ್ಯ ಮತ್ತೆ ಬಂದ. ಪುಟ್ಟಲಕ್ಷ್ಮಿ ಕಿಂಡಿಯ ಹತ್ತಿರ ಕರೆದರು.

"ಹೊಸ ಕಂಬಳಿಗಳನ್ನೆಲ್ಲ ಬಿಟ್ಟು ನುಸಿ ತಿಂದಿದ್ದನ್ನೇ ಒಯ್ದಿದ್ದಾರೆ."

"ಅವನ ಕೈಗೆ ಅದೇ ಸಿಕ್ಕಿರಬೇಕು."

"ಅಂಚು ನೋಡ್ರೀ. ಜೋತು ಬೀಳದ ಹಾಗೆ ಸುತ್ತ ಹೊಲಿದು ಹೋಗಿದ್ದಾರೆ. ನಮ್ಮ ಹೆಂಗಸರ ಹೊಲಿಗೆಯಲ್ಲ ಇದು."

ಕದ್ದು, ಹೊಲಿದೂ ಹೋದ ಕಳ್ಳ! ದಾಸಯ್ಯನಿಗೆ ಗುಂಡನ ಅಂಗಿಯ ಹರಿದ ತೋಳು ನೆನಪಾಯಿತು. ಅದಕ್ಕೆ ನಾರಿನಿಂದ ಗಂಟು ಹಾಕಿಕೊಂಡಿದ್ದ. ಸೂಜಿ ಹಿಡಿಯಬಲ್ಲವನು ಹಾಗೆ ಕಟ್ಟಿಕೊಳ್ಳುತ್ತಾನೆಯೇ? ಆನೆಯ ಕೆಳಗೆ ಹುಲ್ಲು ಮಲಗಿತ್ತು. ಚಳಿಗೆ ಗುಂಡ ಅಲ್ಲೇ ಒರಗಿದ್ದಾನೆ, ಉಣ್ಣೆ ಮೆತ್ತಿದೆ, ಅಷ್ಟೇ.

ಹೊಡೆದ ಅಂಗೈಯನ್ನು ದಾಸಯ್ಯ ಪ್ಯಾಂಟಿಗೆ ಒರೆಸಿಕೊಂಡ. ಹೊಲಿಗೆಯನ್ನು ಮುಟ್ಟಿ ನೋಡಿದ. ಕೊನೆಗೆ ಬಂದ ದಾರ ಮೂರು ಹೊಲಿಗೆ ಹಿಂದಕ್ಕೆ ತಿರುಗಿ, ಗಂಟು ಒಳಗೆ ಅಡಗಿತ್ತು.

ತನ್ನ ಹೆಗಲ ಮೇಲಿನ ಕಂಬಳಿಯ ಅಂಚು ತಡವಿದ. ಮೂರು ಹೊಲಿಗೆ ಹಿಂದಕ್ಕೆ. ಗಂಟು ಒಳಗೆ. ಅವ್ವ ಹೊಲಿದುಕೊಟ್ಟ ಕಂಬಳಿ ಅದು; ಸೈಕಲ್ ಹತ್ತಿ ಮನೆಯತ್ತ ತುಳಿದ.

* * *

ಮನೆಯ ದೇವರ ಮೂಲೆಯಲ್ಲಿ ನುಸಿ ತಿಂದ ಕಂಬಳಿ ಮಡಿಸಿಟ್ಟಿತ್ತು. ತಾಯಿ ಚಿಕ್ಕಬೀರಮ್ಮ ರಾಗಿ ಕೇರುತ್ತಿದ್ದಳು.

"ಅವ್ವಾ, ಇದೇನು ಮಾಡ್ದೆ?"

"ನನ್ನ ಕೇಳ್ದೆ ಕೊಟ್ಟೆ. ನಿನ್ನ ಕೇಳ್ದೆ ತಂದೆ. ನಿಮ್ಮಪ್ಪನ ಎಡೆಗೆ ಆಸೋ ಕಂಬ್ಳಿ ಕಣ್ಲಾ ಅದು! ಸಾಲಿಗ್ರಾಮದ ನೆಂಟ್ರ ಮನೆಯಿಂದ ಬಂದು ನೋಡುದ್ರೆ ಆನೆ ಒಟ್ಟೇಲೈತೆ."

"ಹೊಲಿದಿದ್ಯಾಕೆ?"

"ಆ ಎಣ್ಮಗಳು ಎಷ್ಟು ಕಷ್ಟಪಟ್ಟವ್ಳೆ. ಅಂಗೇ ಬುಟ್ರೆ ಅರ್ದೋಗಲ್ವಾ? ನಾನು ಒಲಿಯಾಗಂಟ ಗುಂಡನೇ ಅಂಚ ಎತ್ತಿ ಇಡ್ಕಂಡಿದ್ದ. 'ಬೆಳಗಾಗ್ಲಿ, ನಿನ್ ಮಗುಂಗೆ ನಾನೇ ಏಳ್ತೀನಿ, ನೀನೋಗಜ್ಜಿ' ಅಂದ." ಮೊರ ಕೆಳಗಿಟ್ಟು ಮಗನ ಮುಖ ನೋಡಿದಳು. "ಏಳಲಿಲ್ವಾ?"

ದಾಸಯ್ಯ ನಾಚಿಕೆಯಿಂದ ಕುಗ್ಗಿ, ಅವ್ವನನ್ನು ಕರೆದುಕೊಂಡು ಠಾಣೆಗೆ ಹೊರಟ.

* * *

ಸಂಜೆ ಠಾಣೆಯ ಮುಂದೆ ಬೆಳಗಿನ ಜನವೇ ಸೇರಿದರು. ಪುಟ್ಟಲಕ್ಷ್ಮಿಯೂ ಬಂದರು. ದಾಸಯ್ಯ ತನ್ನ ಕಂಬಳಿಯ ಗಂಟು ತೋರಿಸಿದ, ಕಂಬಿಯಾಚೆ ನಿಂತ ಗುಂಡನ ನಾರು ಕಟ್ಟಿದ ತೋಳು ತೋರಿಸಿದ, ಒಂದನ್ನೂ ಮುಚ್ಚಿಡಲಿಲ್ಲ.

"ಕಂಬಳಿ ವಾಪಸ್ ತಂದೋಳು ನಮ್ಮವ್ವ. ಮೊದಲು ಅವಳ ಮನೆಯಿಂದ ಕದ್ದೋನು ನಾನು."

ಪುಟ್ಟಲಕ್ಷ್ಮಿ ಚಿಕ್ಕಬೀರಮ್ಮನ ಕೈ ಹಿಡಿದುಕೊಂಡರು. "ಆ ಕಿಂಡಿ ಹಾಗೇ ಇರಲಿ ಅಮ್ಮ. ನಿಮ್ಮ ಹೊಲಿಗೆಯೂ ಇರಲಿ."

ದಾಸಯ್ಯ ಲಾಕಪ್ ತೆಗೆದ. ಗುಂಡನ ಕೆನ್ನೆ ಇನ್ನೂ ಊದಿತ್ತು.

"ತಪ್ಪಾಯ್ತು ಗುಂಡ. ಒಂದು ಮಾತು ಹೇಳ್ಬಾರ್ದಿತ್ತಾ?"

ಗುಂಡ ಹೊಸ್ತಿಲು ದಾಟಿ ನಿಂತ.

"ಏಳಕ್ಕೇ ಬಾಯಿ ತೆಗ್ದಿದ್ದು, ಬುದ್ದಿ."

ಅಷ್ಟೇ ಅಂದು ಹಾಡಿಯ ದಾರಿ ಹಿಡಿದ.