ಮೂರು ಅಡಿಯ ತಪ್ಪು

1947ರ ಅಕ್ಟೋಬರ್ 9, ಗುರುವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಯೂಟಾದ ಎಸ್ಕಲಾಂಟೆ ಊರಿನ ದಕ್ಷಿಣಕ್ಕಿರುವ, ಅದುವರೆಗೆ ಯಾರೂ ನಕ್ಷೆ ಬರೆಯದ ಕೆಂಪು ಕಣಿವೆಯನ್ನು ಹನ್ನೊಂದು ದಿನ ಅಳೆದು, ಸರ್ವೆ ತಂಡದ ಮೂವರೂ ಹೊರಟಿದ್ದ, ಬಂಡೆಗೆ ಬಡಿದ ಹಿತ್ತಾಳೆ ಬಿಲ್ಲೆಯ ಗುರುತಿಗೇ ಮರಳಿದ್ದರು. ಹೊರಟಾಗಿನ ಎತ್ತರವೂ ಮರಳಿದಾಗಿನ ಎತ್ತರವೂ ಒಂದೇ ಬರಬೇಕು. ಬರಲಿಲ್ಲ. ಮೂರು ಅಡಿಗೂ ಮೀರಿದ ವ್ಯತ್ಯಾಸ.

"ಕೋಲು ವಾಲಿಸಿದ್ದಾಳೆ," ಎಂದರು ತಂಡದ ಮುಖ್ಯಸ್ಥ ಲೆಗ್ರ್ಯಾಂಡ್, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ. "ದನ ಕಾಯೋರ ಮಗಳ ಕೈಗೆ ಅಳತೆಕೋಲು ಕೊಟ್ಟಿದ್ದು ನನ್ನ ಬುದ್ಧಿಗೇಡಿತನ. ನಾಳೆ ಊರಿಗೆ ಕಳಿಸ್ತೀನಿ."

ಅರ್ವಿಲ್ಲಾಳ ಕಿವಿ ಬಿಸಿಯಾಯಿತು. ಈ ಕಣಿವೆಯಲ್ಲಿ ಇವರಿಗೆ ದಾರಿ ತೋರಿಸಿದವಳೇ ಅವಳು.

"ಬ್ರದರ್ ಲೆಗ್ರ್ಯಾಂಡ್, ಕೋಲು ವಾಲಿ ಮೂರು ಅಡಿ ತಪ್ಪಬೇಕಾದ್ರೆ ನಾನು ಅದನ್ನ ತಬ್ಕೊಂಡು ಮಲಗಿರ್ಬೇಕಿತ್ತು!" ಎಂದಳು, ಊರಿನ ಚರ್ಚಿನ ರೂಢಿಯಂತೆ 'ಬ್ರದರ್' ಎಂದೇ ಕರೆದು.

ದುರ್ಬೀನಿನಲ್ಲಿ ಅಂಕಿ ಓದುವ ವೆಂಡೆಲ್ ನಗಲಿಲ್ಲ. ಅವಳ ಪರ ವಹಿಸದೆ ಅಳತೆ ಪುಸ್ತಕದ ಹಾಳೆ ತಿರುವುತ್ತ ನಿಂತ. ಅದೇ ಅವಳನ್ನು ಚುಚ್ಚಿದ್ದು. ಊರಿಗೆ ಮರಳಿದರೆ ಜನರ ಕೊಂಕು ಹೇಗೋ ಸಹಿಸಬಹುದು. ಇವನನ್ನು ಇನ್ನೆಲ್ಲಿ ಕಾಣುವುದು?

ಹೇಸರಗತ್ತೆಯ ಜೀನು ಬಿಚ್ಚುತ್ತಿದ್ದಾಗ ಅವನು ಅಳತೆ ಪುಸ್ತಕ ಹಿಡಿದು ಪಕ್ಕಕ್ಕೆ ಬಂದು ನಿಂತ.

"ಮಾತಾಡೋಕೆ ಬರುತ್ತಾ ನಿಮಗೆ?" ಎಂದಳು.

"ಪುಸ್ತಕದಲ್ಲಿ ಹುಡುಕ್ತಿದ್ದೆ. ತಪ್ಪು ಸಿಕ್ತು. ನನ್ನದೇ."

"ಎಲ್ಲಿ?"

"ಹದಿನೇಳನೇ ಗುರುತು. ನೀನು ಟೋಪಿ ತೆಗೆದು ಕೂದಲಿಂದ ಮರಳು ಕೊಡವಿದೆ. ಆಮೇಲೆ ನಕ್ಕೆ."

"ಕತ್ತೆ ಸೀನ್ತು, ಅದಕ್ಕೆ ನಕ್ಕೆ."

"ನನಗೆ ಸೀನು ಕೇಳಿಸ್ಲಿಲ್ಲ." ಅವನ ಕತ್ತು ಕೆಂಪಾಯಿತು. "ನಮ್ಮ ದುರ್ಬೀನಲ್ಲಿ ಎಲ್ಲಾ ತಲೆಕೆಳಗೆ ಕಾಣುತ್ತೆ. ಮನಸ್ಸಲ್ಲೇ ತಿರುಗಿಸಿ ಓದ್ಬೇಕು. ಅವತ್ತು ನಿನ್ನ ಮುಖ ತಿರುಗಿಸಿ ನೋಡ್ತಾ ನೋಡ್ತಾ, ಅಂಕಿ ತಿರುಗಿಸೋದನ್ನ ಮರೆತೆ. ಕೋಲಿನ 6 ನನ್ನ ಪುಸ್ತಕದಲ್ಲಿ 9 ಆಗಿದೆ ಅನ್ಸುತ್ತೆ."

ಅವಳಿಗೆ ನಗುವೂ ಬಂತು, ಸಿಟ್ಟೂ ಬಂತು. "ನನ್ನ ಮುಖ ನೋಡಿ ತಪ್ಪನ್ನ ನನ್ನ ತಲೆಗೇ ಕಟ್ಟಿದ್ರಾ! ಇದನ್ನ ಅವರ ಮುಂದೆ ಹೇಳ್ತೀರಾ?"

ಹೇಳಿದ. ಟೋಪಿ ಕೈಯಲ್ಲಿ ಹಿಡಿದು, ಒಂದಕ್ಷರ ಬಿಡದೆ ಹೇಳಿದ.

ಲೆಗ್ರ್ಯಾಂಡ್ ಇಬ್ಬರನ್ನೂ ದಿಟ್ಟಿಸಿದರು. "ಅಂಕಿ ಓದು ಅಂದ್ರೆ ಹುಡುಗಿಯನ್ನ ಓದಿದ್ಯಾ? ನಾಳೆ ಹೋಗಿ ಮತ್ತೆ ಅಳೀರಿ. ಆ ಮೂರು ಅಡಿ ಅಲ್ಲಿ ಸಿಗದಿದ್ರೆ ಇಬ್ಬರೂ ಮನೆಗೆ."

ಮರುದಿನ ಕಣಿವೆಗೆ ಇಳಿದರು. ದುರ್ಬೀನಿನತ್ತ ಹೊರಡುವ ಮೊದಲು ವೆಂಡೆಲ್ ತಿರುಗಿ ನಿಂತ. "ಆ ಮೂರು ಅಡಿ ಸಿಕ್ರೆ ಎರಡೂ ಕೈ ಪಕ್ಕಕ್ಕೆ ಚಾಚ್ತೀನಿ. ನಮ್ಮ ಸರ್ವೆಯವರಲ್ಲಿ ಅದಕ್ಕೆ 'ಸರಿ' ಅಂತ ಅರ್ಥ. ಆಮೇಲೆ ನಿನ್ನನ್ನ ಒಂದು ಮಾತು ಕೇಳ್ತೀನಿ."

ಹದಿನಾರನೇ ಗುರುತಿನಲ್ಲಿ ಕೋಲು ಹಿಡಿದದ್ದಾಯಿತು. ಹದಿನೇಳಕ್ಕೆ ಬಂದು ಕೋಲನ್ನು ನೆಟ್ಟಗೆ ಹಿಡಿದು ನಿಂತಳು. ದೂರದಲ್ಲಿ ಅವನು ಬಗ್ಗಿದ, ಓದಿದ, ಬರೆದ, ಕಳೆದ, ಮತ್ತೊಮ್ಮೆ ಕಳೆದ. ಎದ್ದು ನಿಂತು ಎರಡೂ ಕೈ ಚಾಚಿದ.

ಅವಳು ಕೋಲಿಗೆ ಹಣೆಯಾನಿಸಿದಳು. ಈಗ ಅದು ನಿಜಕ್ಕೂ ವಾಲಿತು.

"ಅರ್ವಿಲ್ಲಾ! ನನ್ನನ್ನ ಮದುವೆ ಆಗ್ತೀಯಾ?"

ಬಂಡೆಗಳು ಆ ಮಾತನ್ನು ಮೂರು ಸಲ ಕೇಳಿದವು. ಅವಳು ಎರಡೂ ಕೈ ಚಾಚಿದಳು. ಕೋಲು ಮರಳಿಗೆ ಬಿತ್ತು.

ವೆಂಡೆಲ್ ಮತ್ತೆ ದುರ್ಬೀನಿಗೆ ಬಗ್ಗಿದ.

"ಇನ್ನೇನು ನೋಡ್ತಿದ್ದೀಯೋ?" ಎಂದು ಕೂಗಿದಳು.

"ತಿರುಗಿಸಿ ನೋಡಿದ್ರೂ ಅದೇ ಉತ್ತರ ಬರ್ತಿದೆ!"

ಸಂಜೆ ಲೆಗ್ರ್ಯಾಂಡ್ ಎಲ್ಲವನ್ನೂ ಮತ್ತೆ ಕೂಡಿದರು. "ಇಷ್ಟು ಸಲ್ಲುತ್ತೆ," ಎಂದು ಪೆನ್ಸಿಲನ್ನು ಅವಳ ಕೈಗಿಟ್ಟರು. ಕೊನೆಯ ಸಾಲನ್ನು ಅರ್ವಿಲ್ಲಾಳೇ ಬರೆದಳು: ಉಳಿದ ವ್ಯತ್ಯಾಸ, 0.11 ಅಡಿ.