ಗುಬ್ಬಿಯ ಅಳತೆಯ ಹಾಸಿಗೆ

"ಬೇಡಮ್ಮಾ. ಅಳತೆ ಶುರುವಾದ ರೂಮಿಗೆ ಕಣ್ಣು ಹಾಕಬೇಡ," ಎಂದಳು ಓನರಮ್ಮ.

ಏಣಿ ನಕ್ಕಳು. ಆ ನಗುವಿಗೆ ಅಂಗಳದ ಪಾರಿವಾಳಗಳೆಲ್ಲ ಹಾರಿ ಮೂರು ಬೀದಿಯಾಚೆ ಹೋಗಿ ಕೂತವು.

ಏಣಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಹದಿನೆಂಟು ತುಂಬುವಷ್ಟರಲ್ಲಿ ಆ ಹುಡುಗಿ ಬೆಳೆದುಬಿಟ್ಟಿದ್ದ ಪರಿ ಹಾಗಿತ್ತು. ಅವಳ ತಲೆಗೆ ನೆಗಡಿಯಾದರೆ ಕಾಲಿಗೆ ಸುದ್ದಿ ಮುಟ್ಟಲು ಎರಡು ದಿನ ಹಿಡಿಯುತ್ತಿತ್ತು. ಜೊತೆಗೆ ಬಂದಿದ್ದ ಸೋದರಮಾವನಂತೂ ಹೋದಲ್ಲೆಲ್ಲ ಒಂದೇ ಮಾತು: "ನಮ್ಮ ಏಣಿ ಹೊಸಿಲು ದಾಟೋವಾಗ ಮೂಗು ಮೊದಲು ಬರುತ್ತೆ, ಹಿಮ್ಮಡಿ ಬರೋದು ಮಧ್ಯಾಹ್ನಕ್ಕೆ."

ಬೆಳಗಿನಿಂದ ಇಬ್ಬರೂ ಹದಿನಾಲ್ಕು ರೂಮು ನೋಡಿದ್ದರು. ಒಂದರಲ್ಲಿ ಮಂಚಕ್ಕಿಂತ ತಿಗಣೆ ದೊಡ್ಡದು. ಇನ್ನೊಂದರ ಬಚ್ಚಲಿಗೆ ಬುತ್ತಿ ಕಟ್ಟಿಕೊಂಡೇ ಹೊರಡಬೇಕು. ಮತ್ತೊಂದರ ಗೋಡೆ ಎಷ್ಟು ತೆಳುವೆಂದರೆ ಪಕ್ಕದ ರೂಮಿನವರು ಮನಸ್ಸಿನಲ್ಲಿ ಬೈದುಕೊಂಡಿದ್ದೂ ಕೇಳಿಸುತ್ತಿತ್ತು. ಆಮೇಲೆ ಇದು ಸಿಕ್ಕಿತ್ತು. ಮಹಡಿಯ ಮೂಲೆ ಕೋಣೆ, ಎರಡು ಕಿಟಕಿ, ಕಿಟಕಿಯಿಂದ ಕೈ ಚಾಚಿದರೆ ವಿಶ್ವವಿದ್ಯಾಲಯದ ಗೇಟು. ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಆ ಚಿಲಕ ಕಂಡದ್ದೇ ಏಣಿಯ ಬಾಯಲ್ಲಿ ನೀರೂರಿತ್ತು. ಯಾಕೆಂದರೆ ರೂಮು ಸಿಗದಿದ್ದರೆ ದೊಡ್ಡಮ್ಮನ ಮನೆಯೇ ಗತಿ. ದೊಡ್ಡಮ್ಮನ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಬಾಗಿಲಿಗೆ ಬೀಗ ಬೀಳುತ್ತಿತ್ತು, ಹುಡುಗಿಯರ ಫೋನು ದೊಡ್ಡಮ್ಮನ ದಿಂಬಿನಡಿ ಸೇರುತ್ತಿತ್ತು. ಅಲ್ಲಿಗೆ ಓದಲು ಹೋದ ಇಬ್ಬರು ಅಕ್ಕಂದಿರು ಪದವಿಗೆ ಮುಂಚೆ ಮದುವೆಯ ಕಾಗದ ಹಿಡಿದು ಹೊರಬಂದಿದ್ದರು.

"ಯಾರು ಅಳತೆ ಮಾಡಿದ್ದು, ಯಾರಿಗೆ?" ಎಂದಳು ಏಣಿ.

ಓನರಮ್ಮ ಅಂಗಳದ ಮೂಲೆ ತೋರಿಸಿದಳು. ಅಲ್ಲಿ ಹತ್ತಿಯ ಗುಡ್ಡೆಯ ನಡುವೆ ಹಾಸಿಗೆ ಹೊಲಿಯುವವಳು ಮಂಡಿಯೂರಿದ್ದಳು. ಎದುರಿಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು ಏಣಿಯದೇ ವಯಸ್ಸಿನ ಒಬ್ಬ ಗಿಡ್ಡ ಹುಡುಗಿ. ಜೋರಾಗಿ ಸೀನಿದರೆ ಹಾರಿಹೋಗುವಂಥವಳು. ಆ ಮನೆಯ ಪದ್ಧತಿಯೇ ಹಾಗೆ. ರೂಮು ಗೊತ್ತಾದವರಿಗೆ ಹೊಸ ಹಾಸಿಗೆ. ಹೊಲಿಯುವವಳು ನೆತ್ತಿಯಿಂದ ಹಿಮ್ಮಡಿಯವರೆಗೆ ಬಿಳಿ ದಾರ ಹಿಡಿದು ಅಳೆದು ಕತ್ತರಿಸುತ್ತಾಳೆ. ಆ ದಾರವನ್ನು ಹತ್ತಿಯೊಳಗಿಟ್ಟು ಹೊಲಿಯುತ್ತಾಳೆ. ದಾರ ತುಂಡಾಯಿತೋ, ರೂಮು ಅವರದು. ನಲವತ್ತು ವರ್ಷ ದೂರದ ಹಳ್ಳಿಯಿಂದ ಬಂದು ಹೋಗಿ ಊರವರ ಮಕ್ಕಳಿಗೆ ಹೊಲಿದವಳು ಆ ದಿನ ಮೊದಲ ಸಲ ಸ್ವಂತ ಮಗಳನ್ನು ಅಳೆಯುತ್ತಿದ್ದಳು. ವಂಶದಲ್ಲೇ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವ ಮೊದಲ ಹುಡುಗಿ.

"ನೆಟ್ಟಗೆ ನಿಂತ್ಕೊ ಗುಬ್ಬಿ," ಎನ್ನುತ್ತಿದ್ದಳು ತಾಯಿ. "ಹಿಮ್ಮಡಿ ಎತ್ತಿ ಮೋಸ ಮಾಡ್ತೀಯಾ, ಕಳ್ಳಿ?"

ಗುಬ್ಬಿ ಕಿಸಕ್ಕನೆ ನಕ್ಕಳು.

"ಒಬ್ಬರ ಅಳತೆಯಲ್ಲಿ ಇನ್ನೊಬ್ಬರು ಮಲಗಬಾರದು," ಎಂದಳು ಓನರಮ್ಮ ದನಿ ತಗ್ಗಿಸಿ. "ಆಕೆ ಕೈ ಒಳ್ಳೇದಲ್ಲ. ಮುನಿದರೆ ಸೂಜೀಲೇ ಮಾತಾಡ್ತಾಳೆ ಅಂತಾರೆ."

"ಏನ್ ಆಂಟಿ, ದಾರ ಹಿಡಿದವಳಿಗೆಲ್ಲ ರೂಮು ಕೊಡೋದಾದ್ರೆ ದರ್ಜಿಗೆ ಅರಮನೆ ಕೊಡಬೇಕಿತ್ತಲ್ಲ!"

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅವನು ನೀರು ಕುಡಿಯಲು ಹೋದದ್ದೇ ತಡ, ಏಣಿ ಓನರಮ್ಮನ ಕಿವಿಯವರೆಗೂ ಬಗ್ಗಿದಳು. ಬಹಳ ದೂರದ ಪ್ರಯಾಣ ಅದು, ಆದರೂ ಬಗ್ಗಿದಳು.

"ನಾನು ಹೇಳಿದೆ ಅನ್ನಬೇಡಿ. ಆ ಹುಡುಗೀನ ಹೋದ ತಿಂಗಳು ಆಸ್ಪತ್ರೇಲಿ ನೋಡಿದ್ದೆ. ಎದೆರೋಗದ ಸಾಲಲ್ಲಿ ಕೂತಿದ್ಲು. ರಕ್ತ ಕೆಮ್ತಿದ್ಲು."

ಏಣಿ ಆ ಹುಡುಗಿಯನ್ನು ನೋಡಿದ್ದು ಅದೇ ಮೊದಲು.

ಓನರಮ್ಮನ ಮುಖ ಸುಣ್ಣವಾಯಿತು. ಮನೆತುಂಬ ಬಾಡಿಗೆ ಹುಡುಗಿಯರು, ಎಲ್ಲರಿಗೂ ಒಂದೇ ಬಚ್ಚಲು. ಅವಳು ದಡದಡ ಅಂಗಳಕ್ಕಿಳಿದು, ಹೇಳಿದ್ದು ಯಾರೆಂಬುದನ್ನೂ ಸೇರಿಸಿ ಎಲ್ಲ ಒದರಿಬಿಟ್ಟಳು. "ಆ ಉದ್ದದ ಹುಡುಗಿ ಕಣ್ಣಾರೆ ನೋಡಿದ್ದಾಳಂತೆ. ಕರ್ಕೊಂಡು ಹೋಗು ನಿನ್ನ ಮಗಳನ್ನ."

ತಾಯಿ ಏಣಿಯನ್ನು ಕಾಲಿನಿಂದ ತಲೆಯವರೆಗೆ, ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ ಗುಬ್ಬಿಯನ್ನು ಅಳೆದ ದಾರವನ್ನು ಕತ್ತರಿಸಿ, ಉಂಡೆ ಸುತ್ತಿ ಬಾಯೊಳಗೆ ಇಟ್ಟುಕೊಂಡಳು.

"ಒಪ್ಪಿಕೊಂಡ ಕೆಲಸ," ಎಂದಳು ದವಡೆಯಲ್ಲಿ ದಾರ ಒತ್ತಿಕೊಂಡೇ. "ಹಾಸಿಗೆ ಹೊಲಿದುಕೊಡ್ತೀನಿ."

ತರಗತಿ ಶುರುವಾಗಲು ಐದು ದಿನವಿರುವಾಗ ಏಣಿ ಒಂದು ಚೀಲ ಹೊತ್ತು ಬಂದಿಳಿದಳು. ಪುಸ್ತಕದ ಪೆಟ್ಟಿಗೆಯನ್ನು ಮೊದಲ ದಿನ ಬೆಳಿಗ್ಗೆ ತರುವುದಾಗಿ ಮಾವ ಹೇಳಿದ್ದ. ಓನರಮ್ಮ ಬೀಗದ ಕೈ ಕೊಟ್ಟಳು.

"ಆ ಗುಬ್ಬಿ ಹೋಗ್ಬಿಟ್ಲು ಕಣಮ್ಮಾ. ಎಲ್ಲೂ ರೂಮು ಸಿಗದೆ, ಬಟ್ಟೆಗೆ ಬಣ್ಣ ಹಾಕೋರ ನೆಲಮಾಳಿಗೇಲಿ ಮಲಗೋಕೆ ಒಂದು ಹಲಗೆ ಹಿಡಿದಿದ್ಲಂತೆ. ಗೋಡೆಯಲ್ಲೆಲ್ಲ ನೀರು. ಹನ್ನೊಂದು ದಿನ. ಕೆಮ್ಮಿ ಕೆಮ್ಮಿ..."

ಏಣಿಗೆ ಎದೆಯಲ್ಲಿ ಏನೋ ಚುಚ್ಚಿತು. ಒಂದೇ ಗಳಿಗೆ. "ನೋಡಿ, ಎದೆ ಸರಿ ಇರಲಿಲ್ಲ ಅಂದಿದ್ದೆ ತಾನೇ? ನಿಜ ಆಯ್ತಲ್ಲ."

ಓನರಮ್ಮ ಅವಳನ್ನು ದಿಟ್ಟಿಸಿದಳು. "ಹಾಸಿಗೆ ಬಂದಿದೆ. ತಾಯೇ ಬೆನ್ನ ಮೇಲೆ ಹೊತ್ತು ತಂದು ಹಾಕಿ ಹೋದ್ಲು. ಹೆಣದ ಪಕ್ಕ ಆ ದಾರ ಇಟ್ಟು, ಏನೇನೋ ಗೊಣಗ್ತಾ ಹೊಲಿದ್ಲಂತೆ. ಮುಟ್ಟೋಕೆ ನನಗೆ ಧೈರ್ಯ ಇಲ್ಲ. ನೀನು ಬರೀ ಹಲಗೆ ಮೇಲೆ ಮಲಗಮ್ಮಾ, ಬೇರೆ ತರಿಸ್ತೀನಿ."

"ಹತ್ತಿಗೆ ಹಲ್ಲು ಬಂದಿದೆಯಾ ಆಂಟಿ?" ಎಂದು ಏಣಿ ಮೆಟ್ಟಿಲನ್ನು ಮೂರು ಮೂರಾಗಿ ಹಾರಿ ಹತ್ತಿದಳು. ಚಿಲಕ ಹಾಕಿಕೊಂಡಳು. ಸ್ವಂತ ಚಿಲಕ! ಅದನ್ನು ತೆಗೆದು ಹಾಕಿ, ತೆಗೆದು ಹಾಕಿ, ಸಂತೋಷ ತಡೆಯಲಾರದೆ ಹಾಸಿಗೆಯ ಮೇಲೆ ಬಿದ್ದಳು.

ಹಾಸಿಗೆ ಗಿಡ್ಡವಾಗಿತ್ತು. ಮಂಡಿಯಿಂದ ಕೆಳಗಿನ ಕಾಲೆಲ್ಲ ಹೊರಗೆ ಚಾಚಿ, ಪಕ್ಕದ ರೂಮಿನವರಿಗೆ ಬಾಡಿಗೆ ಕೊಡಬೇಕಾಗುವಂತಿತ್ತು. ಒದ್ದೆ ಹತ್ತಿಯ ವಾಸನೆ. ಅದರಡಿಗೆ ಬಣ್ಣದ ತೊಟ್ಟಿಯ ಕಟು ಹುಳಿ. ಕಣ್ಣು ಮುಚ್ಚಿದರೆ ಎಲ್ಲೋ ಒಳಗೆ ಹತ್ತಿ ಹಿಂಜುವ ಬಿಲ್ಲು ಮಿಡಿದಂತೆ: ಟೊಂಯ್. ಟೊಂಯ್. ಅಂಥ ನಿದ್ದೆ ಕುಂಭಕರ್ಣನೂ ಮಾಡಿರಲಾರ.

ಮರುದಿನ ಎದ್ದಾಗ ಪಾದ ಮಾತ್ರ ಹೊರಗಿತ್ತು. ಹೊಸ ಹತ್ತಿ, ಜಗ್ಗಿ ಉದ್ದವಾಗಿರಬೇಕು ಅಂದುಕೊಂಡಳು. ಮೂರನೆಯ ಬೆಳಿಗ್ಗೆ ಬೆರಳ ತುದಿ. ನಾಲ್ಕನೆಯ ಬೆಳಿಗ್ಗೆ ಹಾಸಿಗೆ ಅವಳಿಗೆಂದೇ ಹೊಲಿದಂತೆ ಸರಿಹೋಗಿತ್ತು. ತಲೆಯಿಂದ ಹಿಮ್ಮಡಿಗೆ ಒಂದು ಎಳೆ ಹೆಚ್ಚಿಲ್ಲ, ಒಂದು ಎಳೆ ಕಡಿಮೆಯಿಲ್ಲ. ನೋಡಿದಿರಾ ಆಂಟಿ ಎಂದು ಮನಸ್ಸಿನಲ್ಲೇ ಬೀಗುತ್ತ ಕಾಲು ಕೆಳಗಿಟ್ಟಳು.

ಕಾಲು ನೆಲಕ್ಕೆ ಸಿಗಲಿಲ್ಲ.

ಧೊಪ್ಪನೆ ಬಿದ್ದಳು. ಎದ್ದರೆ ಪ್ಯಾಂಟಿನ ಕಾಲುಗಳು ನೆಲದ ಮೇಲೆ ಹಾವಿನಂತೆ ಹರಿದವು. ಮೂರು ದಿನದಿಂದ ಪ್ಯಾಂಟನ್ನು ಮಡಚಿ ಮಡಚಿ ಹಾಕಿಕೊಂಡಿದ್ದು, ಮೆಟ್ಟಿಲು ಒಂದೊಂದಾಗಿ ಹತ್ತಿದ್ದು, ಊಟದ ಮೇಜು ಎದೆಗೆ ಬಂದಿದ್ದು, ಎಲ್ಲ ಒಮ್ಮೆಲೇ ನೆನಪಾಯಿತು. ಮನೆಯೇ ಬೆಳೆಯುತ್ತಿದೆ ಅಂದುಕೊಂಡಿದ್ದಳು, ಮಹಾ ಜಾಣೆ! ಕನ್ನಡಿಯನ್ನು ಅವಳೇ ತನ್ನ ಎತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದ್ದಳು. ಈಗ ಅದರಲ್ಲಿ ಎದುರು ಗೋಡೆ ಮಾತ್ರ ಕಾಣುತ್ತಿತ್ತು.

ಕುರ್ಚಿ ಎಳೆದಳು. ಹತ್ತಿದಳು. ನೋಡಿದಳು.

ಗುಬ್ಬಿ ನೋಡುತ್ತಿದ್ದಳು.

ಏಣಿ ಬಾಯಿ ತೆರೆದಳು. ಗುಬ್ಬಿಯೂ ತೆರೆದಳು. ಕೂಗು ಬರಲಿಲ್ಲ. ಕೆಮ್ಮು ಬಂತು. ಎದೆಯ ತಳದಿಂದ, ಒದ್ದೆಯಾಗಿ, ಬಣ್ಣದ ತೊಟ್ಟಿಯ ವಾಸನೆ ಹೊತ್ತು.

ಆ ಹಗಲೆಲ್ಲ ಅವಳು ಮೂಲೆಯಲ್ಲಿ ಮುದುಡಿ ಕೂತಳು. ಮುಸ್ಸಂಜೆಗೆ ಕರೆಂಟು ಹೋಯಿತು. ಕತ್ತಲಲ್ಲಿ ಹಾಸಿಗೆ ಮೆಲ್ಲಗೆ ಉಬ್ಬಿತು. ಇಳಿಯಿತು. ಉಸಿರಾಡಿತು. ಟೊಂಯ್. ಏಣಿ ಕತ್ತರಿ ಹುಡುಕಿದಳು. ಚುಚ್ಚಿದಳು. ಹರಿದಳು. ಹತ್ತಿ ಉಕ್ಕಿತು. ಒದ್ದೆ ಹತ್ತಿ. ಮೂಗಿಗೆ, ಬಾಯಿಗೆ, ಕಣ್ಣಿಗೆ. ತೋಡಿದಳು. ಬೆರಳಿಗೆ ದಾರ ಸಿಕ್ಕಿತು. ಮಂಜಿನಷ್ಟು ತಣ್ಣಗೆ. ಎಳೆದು ನೆತ್ತಿಯಿಂದ ಹಿಮ್ಮಡಿಗೆ ಹಿಡಿದಳು. ಸರಿಯಾಗಿತ್ತು. ಕತ್ತರಿಯ ಬಾಯಿಗೆ ಕೊಟ್ಟಳು. ಒತ್ತಿದಳು. ಒಂದು ಎಳೆ ಬಿಚ್ಚಿತು. ಸೊಂಟದಲ್ಲಿ ಕಬ್ಬಿಣ ಕಾಯಿಸಿ ಇಟ್ಟಂತಾಯಿತು. ಅಂಗಿ ಎತ್ತಿ ತಡವಿದಳು. ಚರ್ಮ ಸುತ್ತಲೂ ಸೀಳಿತ್ತು.

ಕತ್ತರಿ ಕೆಳಗೆ ಬಿತ್ತು. ದಾರವನ್ನು ಮುಷ್ಟಿಯಲ್ಲಿ ಹಿಡಿದು, ಬೆಳಕು ಹರಿಯುವವರೆಗೆ ಅಲುಗದೆ ಕೂತಳು. ಬೆಳಿಗ್ಗೆ ಮಾವ ಬರುತ್ತಾನೆ. ಎತ್ತಿ ಆಡಿಸಿದ ಮಾವ. ಅವನಿಗೆ ಗುರುತು ಸಿಗದೆ ಇರುತ್ತದೆಯೇ?

ಮಾವ ಬಂದ. ಪೆಟ್ಟಿಗೆ ಇಳಿಸಿ, ಅಂಗಳದಲ್ಲಿ ನಿಂತು ಮೇಲೆ ನೋಡುತ್ತ ಕೂಗಿದ: "ಏಣೀ! ಎದ್ದೆಯಾ, ಇಲ್ಲಾ ತಲೆ ಮಾತ್ರ ಎದ್ದಿದೆಯಾ?"

ಅವಳು ಓಡಿಬಂದು ಅವನ ಕೈ ಹಿಡಿದಳು. "ಮಾವಾ! ನಾನೇ ಮಾವಾ!"

ಅವನು ಕೆಳಗೆ ನೋಡಿದ. ಪಾಪ ಅನ್ನಿಸಿದವನಂತೆ ಮೆಲ್ಲಗೆ ಕೈ ಬಿಡಿಸಿಕೊಂಡ. "ಯಾರಮ್ಮಾ ನೀನು? ಮೇಲಿನ ರೂಮಲ್ಲಿ ನಮ್ಮ ಹುಡುಗಿ ಇದ್ದಾಳೆ, ಸ್ವಲ್ಪ ಕರೀತೀಯಾ? ಉದ್ದ ಇದ್ದಾಳೆ, ಹುಡುಕೋದೇ ಬೇಡ."

"ನಾನೇ! ಚಿಕ್ಕವಳಿದ್ದಾಗ ನೀನೇ ನನ್ನ..." ಕೆಮ್ಮು ಮಾತನ್ನು ನುಂಗಿತು. ಅಂಗೈಯಲ್ಲಿ ಕೆಂಪು.

ಒಳಗಿನಿಂದ ಬಂದ ಓನರಮ್ಮ ಅವಳನ್ನು ಕಂಡು ಗೋಡೆಗೆ ಅಂಟಿಕೊಂಡಳು. ಸತ್ತವಳು ಎದುರಿಗೇ ನಿಂತಿದ್ದಾಳೆ! "ಹೊರಗೆ! ಹೊರಗೆ ಹೋಗು! ಮುಟ್ಟಬೇಡಿ ಸ್ವಾಮಿ, ಎದೆರೋಗದವಳು! ರಕ್ತ ಕೆಮ್ತಾಳೆ! ನಿಮ್ಮ ಹುಡುಗೀನೇ ಹೇಳಿದ್ಲು!"

ಮಾವ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ. ಕೈಯನ್ನು ಪ್ಯಾಂಟಿಗೆ ಒರೆಸಿದ. ಓನರಮ್ಮ ಕಸಬರಿಗೆ ಬೀಸಿದಳು. ಬಾಗಿಲು ಬಿತ್ತು.

ಬೀದಿಯಲ್ಲಿ ಹಾಸಿಗೆ ಹೊಲಿಯುವವಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಏಣಿಯ ಮುಷ್ಟಿಯನ್ನು ಬಿಡಿಸಿ ದಾರ ತೆಗೆದುಕೊಂಡಳು. ತೋರುಬೆರಳಿಗೆ ಎರಡು ಸುತ್ತು ಸುತ್ತಿ ನಡೆದಳು. ಏಣಿಯ ಕಾಲುಗಳು ಅವಳನ್ನು ಕೇಳದೆ ಹಿಂದೆ ಹೋದವು.

ಎದುರಿಗೇ ಗೇಟು. ಮೊದಲ ದಿನ. ನೂರಾರು ಹುಡುಗ ಹುಡುಗಿಯರು ನಗುತ್ತ ಒಳಗೆ ನುಗ್ಗುತ್ತಿದ್ದರು. ಕಾಲುಗಳು ನಿಲ್ಲಲಿಲ್ಲ. ಗೇಟು ಹಿಂದೆ ಉಳಿಯಿತು. ಬೀದಿ ಮುಗಿಯಿತು. ಬಣ್ಣದ ನೀರು ಹರಿಯುವ ಓಣಿ ಬಂತು.

"ತಪ್ಪಾಯ್ತಮ್ಮಾ," ಎಂದಳು ಏಣಿ. "ಸುಳ್ಳು ಹೇಳ್ದೆ. ನಿಮ್ಮ ಮಗಳನ್ನ ನಾನು ನೋಡೇ ಇರಲಿಲ್ಲ."

"ಗೊತ್ತು."

"ಅವಳ ಮುಖ ಕೊಟ್ಟಿದ್ದೀರಲ್ಲ. ಮಗಳ ಹಾಗೆ ಇರ್ತೀನಿ. ಜೀವನಪೂರ್ತಿ ನಿಮ್ಮನ್ನ ನೋಡ್ಕೋತೀನಿ."

ತಾಯಿ ತಿರುಗಿದಳು. ಆ ಕಣ್ಣುಗಳಲ್ಲಿ ಅಳು ಎಂದೋ ಬತ್ತಿತ್ತು. "ನನಗೆ ಮಗಳು ಬೇಕು ಅಂತ ಮಾಡಿದ್ದಲ್ಲ ಇದು. ನನ್ನ ಗುಬ್ಬಿ ಬರಲ್ಲ. ಅವಳು ಪಟ್ಟಿದ್ದನ್ನ ನೀನು ಪಡಬೇಕು. ಅಷ್ಟೇ."

ಹದಿಮೂರು ಮೆಟ್ಟಿಲು ಕೆಳಗೆ. ಕಿಟಕಿಯಿಲ್ಲ. ಗೋಡೆ ಬೆವರುತ್ತಿತ್ತು. ಮೂಲೆಯಲ್ಲಿ ಒಂದು ಹಲಗೆ, ಅದರ ಮೇಲೆ ಹರಡಿಬಿದ್ದ ನೋಟ್‌ಪುಸ್ತಕಗಳಿಗೆ ಬೂಸ್ಟು ಹಿಡಿದಿತ್ತು. ಚಿಲಕವಿತ್ತು, ಹೊರಗಿನಿಂದ ಹಾಕುವ ಚಿಲಕ.

"ಎಷ್ಟು ದಿನ ಅಮ್ಮಾ?" ಏಣಿಯ ದನಿ ಗುಬ್ಬಿಯ ದನಿಯಾಗಿತ್ತು. "ಎಷ್ಟು ದಿನ ಇಲ್ಲಿರಬೇಕು?"

ತಾಯಿ ಬೆರಳಿನ ದಾರವನ್ನು ನಿಧಾನವಾಗಿ ಬಿಚ್ಚಿ, ಹೊರಗೆ ಹೋಗಿ ಚಿಲಕಕ್ಕೆ ಕೈ ಹಾಕಿದಳು.

"ನನ್ನ ಮಗಳು ಹನ್ನೊಂದು ದಿನ ತಡ್ಕೊಂಡ್ಲು," ಎಂದಳು. "ನೀನು ಗಟ್ಟಿಗಿತ್ತಿ. ಹನ್ನೆರಡು ಇರ್ತೀಯೇನೋ ನೋಡೋಣ."